ಸಕ್ಕರೆ ಹಿಮದ ಮೇಲೆ ಒಡೆಯದ ಕಾಯಿ

ಎಂಬತ್ತರ ದಶಕದಲ್ಲಿ, ಡ್ಯಾನ್‌ವಿಲ್‌ನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಸ್ಕೀ ಹುಚ್ಚು ಮೊದಲು ಹತ್ತಿದ್ದು ನನಗೆ, ಆಮೇಲೆ ನನ್ನ ಗಂಡನಿಗೆ. ಹಿಮ ಕುಸಿಯುವುದರ ಬಗ್ಗೆ ಕ್ಲಾಸಿಗೆ ಹೋದವಳು ಮಾತ್ರ ನಾನೊಬ್ಬಳೇ. ಅವರಿಗೆ ರೆಡ್‌ವುಡ್ ಸಿಟಿಯ ಆಫೀಸು ಬಿಟ್ಟು ಪುರುಸೊತ್ತೆಲ್ಲಿ? "ನೀನು ಕಲಿತ್ರೆ ನಾನು ಕಲಿತ ಹಾಗೇ ಅಲ್ವಾ?" ಎಂದುಬಿಟ್ಟರು. ಎಂಥ ಧಾರಾಳ ನೋಡಿ!

ಆ ವರ್ಷ ಮೊದಲ ಹಿಮ ತೆಳ್ಳಗೆ ಬಿದ್ದು, ವಾರಗಟ್ಟಲೆ ಕೊರೆಯುವ ಚಳಿ ಹಿಡಿದಿತ್ತು. ಆಮೇಲೆ ಒಂದೇ ಸಲಕ್ಕೆ ರಾಶಿ ಹಿಮ ಸುರಿಯಿತು. ಬಿಸಿಲು ಬಂದದ್ದೇ ತಡ, ಅವರ ಆಫೀಸಿನ ಹುಬ್ಬಳ್ಳಿ ಗೆಳೆಯರೊಬ್ಬರನ್ನೂ ಕೂರಿಸಿಕೊಂಡು ಸಿಯೆರಾ ಬೆಟ್ಟಕ್ಕೆ ಓಡಿದೆವು. ಬೆಟ್ಟ ಹತ್ತಿಸುವ ಲಿಫ್ಟಿಲ್ಲದ, ಜನರಿಲ್ಲದ ಜಾಗ. ಸ್ಕೀ ಕಟ್ಟಿಕೊಂಡೇ ಹತ್ತಿದೆವು. ಮೇಲಿನ ಬಯಲು ಮುಟ್ಟುವಷ್ಟರಲ್ಲಿ ನನಗೆ ಕಾರಣವಿಲ್ಲದೆ ನಗು. ಡಬ್ಬಿಯ ಪುಳಿಯೋಗರೆ ಕಲ್ಲಾಗಿತ್ತು, ಅದಕ್ಕೂ ಬಿದ್ದು ಬಿದ್ದು ನಕ್ಕೆವು.

ಎದುರಿಗೆ ಯಾರೂ ತುಳಿಯದ ಇಳಿಜಾರು. "ನಾನು ಫಸ್ಟು!" ಎಂದು ಗಂಡ ಹೊರಟು ನಿಂತರು.

"ಸ್ವಲ್ಪ ಇರ್ರೀ," ಎಂದು ನಾನು ಸಲಿಕೆ ತೆಗೆದು ಅಂಚಿನಿಂದ ಹಿಂದೆ ಗುಂಡಿ ತೋಡಿದೆ. ಮೇಲೆ ಮೆತ್ತನೆಯ ಹೊಸ ಹಿಮ, ಅದರಡಿ ಹಲಗೆಯಂಥ ಗಟ್ಟಿ ಪದರ. ತಳದ ಹಿಮ ಮಾತ್ರ ಚಳಿಗೆ ಅಂಟು ಕಳೆದುಕೊಂಡು ಸಕ್ಕರೆಯಾಗಿತ್ತು. ಹಿಡಿದರೆ ಉಂಡೆ ಕಟ್ಟದೆ ಬೆರಳ ಸಂದಿಯಲ್ಲಿ ಸೋರಿಹೋಯಿತು. ನನ್ನ ನಗು ನಿಂತಿತು.

"ಇಳಿಯೋದು ಬೇಡ. ಕೆಳಗೆಲ್ಲ ಪೊಳ್ಳು. ನೀವು ಕಾಲಿಟ್ರೆ ಇಡೀ ಇಳಿಜಾರು ನಿಮ್ಮನ್ನ ಎಳ್ಕೊಂಡು ಹೋಗುತ್ತೆ."

"ಇಷ್ಟು ಡ್ರೈವ್ ಮಾಡ್ಕೊಂಡು ಬಂದು ವಾಪಸ್ಸಾ? ಏನಾಗಲ್ಲ ಬಿಡೇ."

"ಅಂಜಬ್ಯಾಡ್ರಿ ವೈನಿ," ಎಂದು ಗೆಳೆಯರು ಚೀಲಕ್ಕೆ ಕೈಹಾಕಿದರು. "ಒಂದ್ ಕಾಯಿ ಒಡದು ಇಳ್ಯೂಣಂತ."

ಹೊಸ ಕಾರಿಗೆ ಒಡೆಯುವಂತೆ ಬೆಟ್ಟಕ್ಕೂ ಒಂದು ತೆಂಗಿನಕಾಯಿ! ನಾನು ಹಣೆ ಚಚ್ಚಿಕೊಂಡೆ. ಒಡೆಯಲು ಸುತ್ತ ಒಂದು ಕಲ್ಲಾದರೂ ಬೇಡವೇ? ಅವರು ಇಳಿಜಾರಿನ ಅಂಚಿನಲ್ಲೇ ಕೈಯೆತ್ತಿ ಕುಕ್ಕಿದರು. ಕಾಯಿ ಸದ್ದಿಲ್ಲದೆ ಹಿಮದೊಳಗೆ ಮುಳುಗಿಹೋಯಿತು.

ಕಾಯಿ ಒಡೆಯದೆ ಹೋದರೆ ಅಪಶಕುನವಂತೆ. ಇಬ್ಬರು ಇಂಜಿನಿಯರುಗಳೂ ಸ್ಕೀ ಬಿಚ್ಚಿ ಹುಡುಕಲು ನಿಂತರು. "ಬಿಚ್ಚಬೇಡ್ರೀ!" ಎಂದು ಕಿರುಚಿದೆ. ಸ್ಕೀ ಇದ್ದರೆ ಭಾರ ಹಂಚಿಹೋಗುತ್ತದೆ, ಸ್ಕೀ ಇಲ್ಲದ ಕಾಲು ನೇರ ತಳಕ್ಕೇ ಇಳಿಯುತ್ತದೆ. ಕೇಳುವವರು ಯಾರು? ಗಂಡ ತೊಡೆಯವರೆಗೆ ಹೂತರು. ನಾನು ಹಿಂದಿನಿಂದ ಅವರ ಜಾಕೆಟ್ಟು ಹಿಡಿದೆ.

ಧಸಕ್! ನಿಂತ ನೆಲವೇ ಒಂದು ಗೇಣು ಕುಸಿಯಿತು. ಅವರ ಮುಂದೆಯೇ ಒಂದು ಬಿರುಕು ಸರ್ರನೆ ಹರಿಯಿತು. ಬಿರುಕಿನಾಚೆಯ ಇಳಿಜಾರು ಪೂರ್ತಿ ಮೊದಲು ಮೆಲ್ಲಗೆ, ಆಮೇಲೆ ಗುಡುಗುತ್ತ ಕೆಳಗಿಳಿಯಿತು. ಹಿಮದ ಪುಡಿ ಅಡಗಿದಾಗ, ಅವರು ಫಸ್ಟು ಹೋಗಬೇಕಿದ್ದ ಜಾಗದಲ್ಲಿ ಬರೀ ಬಂಡೆ ಕಾಣುತ್ತಿತ್ತು.



"ಯಪ್ಪಾ! ಕಾಯಿ ಒಡದಿದ್ರ ನಮ್ಮ ಗತಿ ಏನಾಗ್ತಿತ್ರೀ!" ಎಂದರು ಗೆಳೆಯರು.

ಅಷ್ಟೇ, ಮೂವರೂ ಹುಚ್ಚು ಹಿಡಿದಂತೆ ನಕ್ಕೆವು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕೆವು.

"ಆಯ್ತು ಮಾರಾಯ್ತಿ, ನೀನು ಹೇಳಿದ ಹಾಗೇ ಆಗ್ಲಿ, ಬಂದ ದಾರೀಲೇ ಇಳಿಯೋಣ. ಈಗ ಜಾಕೆಟ್ಟು ಬಿಡು," ಎಂದರು ಗಂಡ.

ಬಿಡಬೇಕೆಂದೇ ಇದ್ದೆ, ಬೆರಳು ಬಿಚ್ಚಲಿಲ್ಲ. ಕೊನೆಗೆ ಅವರೇ ಒಂದೊಂದಾಗಿ ಬಿಡಿಸಿದರು.