ಇಬ್ಬರ ಕೈಯಲ್ಲೂ ಬೀಗ

ಹೆಬ್ಬಾಳದ ಆಫೀಸಿನಲ್ಲಿ ಆಪರೇಟಿಂಗ್ ಸಿಸ್ಟಮ್ಮಿನ ಒಳಗೆ ಕೈಹಾಕುವ ಕೆಲಸದಲ್ಲಿದ್ದ ಆ ದಿನಗಳಲ್ಲಿ, ನಾನೇ ಬರೆದ ಕೋಡೊಂದನ್ನು ಬಿಟ್ಟು ಜಗತ್ತಿನ ಕೋಡನ್ನೆಲ್ಲ ಅನುಮಾನಿಸುತ್ತಿದ್ದೆನೆಂದು ಈಗ ಒಪ್ಪಿಕೊಳ್ಳುತ್ತೇನೆ.

ಒಮ್ಮೆ ಪರೀಕ್ಷೆಗಿಟ್ಟ ಯಂತ್ರ ದಿನಕ್ಕೆರಡು ಸಲ ಕಲ್ಲಾಗಿ ಕೂರತೊಡಗಿತು. ಮೌಸ್ ಓಡಾಡುತ್ತದೆ, ಒಂದು ಫೈಲೂ ತೆರೆಯದು. ಕೆಟ್ಟುಹೋದ ಲಕ್ಷಣವೇ ಇಲ್ಲ, ಯಾರಿಗೋ ಕಾಯುತ್ತಿದ್ದಂತಿತ್ತು. ಯಾರಿಗೆ ಎಂಬ ಕುತೂಹಲದಲ್ಲಿ ನನಗೆ ಊಟವೂ ರುಚಿಸಲಿಲ್ಲ.

ಯಾವ ಕೆಲಸ ಎಲ್ಲಿ ನಿಂತಿದೆಯೆಂದು ಪಟ್ಟಿ ತೆಗೆದೆ. ಸಿಸ್ಟಮ್ಮಿನ ತಿರುಳಾದ ಕರ್ನಲ್ಲಿನಲ್ಲಿ ಪ್ರತಿ ಫೈಲಿಗೂ, ಅದಿರುವ ಫೋಲ್ಡರಿಗೂ ಒಂದೊಂದು ಬೀಗ; ಒಬ್ಬರು ಹಿಡಿದಿದ್ದರೆ ಮಿಕ್ಕವರು ಕಾಯಬೇಕು. ಹೆಸರು ಬದಲಿಸುವ ಕೆಲಸ ಫೋಲ್ಡರಿನ ಬೀಗ ಹಿಡಿದು ಫೈಲಿನದಕ್ಕೆ ಕಾಯುತ್ತಿತ್ತು. ಬರೆಯುವ ಕೆಲಸ ಫೈಲಿನ ಬೀಗ ಹಿಡಿದು ಫೋಲ್ಡರಿನದಕ್ಕೆ.

ಭಾನುವಾರ ಶ್ರೀರಾಂಪುರದಲ್ಲಿ ಅಕ್ಕನ ತಲೆ ಕೊರೆದೆ. "ಇಬ್ಬರೂ ಬೀಗ ಹಿಡ್ಕೊಂಡು, ಮೊದ್ಲು ನೀನು ಬುಡು ಅಂತ ಕೂತವ್ರೆ ಕಣಕ್ಕ."

ಅಕ್ಕ ಸಿಡುಕಿದಳು. "ನಮ್ಮ ಬೀಗರ ವಿಷ್ಯ ನಿಂಗ್ಯಾರೋ ಹೇಳಿದ್ದು?"

ಅವಳ ಮಗಳು ಶೈಲಳನ್ನು ಲಕ್ಷ್ಮೀಪುರಂಗೆ ಕೊಟ್ಟು ಆರು ತಿಂಗಳು. ಮಗಳು ಅಳಿಯ ಮೊದಲ ದೀಪಾವಳಿಗೆ ಬರಬೇಕು, ಇನ್ನು ನಾಲ್ಕೇ ದಿನ. ಬೀಗರು ಒಮ್ಮೆ ಮನೆಗೆ ಬರಲಿ, ಆಗ ಕರೆಯುತ್ತೇನೆಂದು ಅಕ್ಕ. ಮೊದಲು ಕರೆಯಲಿ, ಆಗ ಬರುತ್ತೇವೆಂದು ಬೀಗಿತ್ತಿ. ನಡುವೆ ಶೈಲ ಅಳುತ್ತಿದ್ದಳು. ಬೀಗ, ಬೀಗರು, ಹೆಮ್ಮೆಯಿಂದ ಬೀಗುವುದು: ಮೂರೂ ಒಂದೇ ಬೇರಿನ ಪದಗಳೋ ಏನೋ, ಪಂಡಿತರು ಹೇಳಬೇಕು. ನನಗಂತೂ ಅಂದು ಒಂದೇ ಮನೆತನದವರಂತೆ ಕಂಡವು.

ಸೋಮವಾರ ಗುಟ್ಟು ಬಯಲಾಯಿತು. ಮೊದಲು ಫೋಲ್ಡರು, ಆಮೇಲೆ ಫೈಲು ಎಂಬ ಕ್ರಮವನ್ನು ನನ್ನೊಬ್ಬನನ್ನು ಬಿಟ್ಟು ಎಲ್ಲರೂ ಪಾಲಿಸಿದ್ದರು! ಬರೆಯುವ ಕೆಲಸದ ಕೋಡು ನನ್ನದೇ. ಅದರಲ್ಲಿ ಎರಡು ಸಾಲು ಹಿಂದುಮುಂದು ಮಾಡಿದೆ, ಯಂತ್ರ ನಡೆಯಿತು. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಖುಷಿಯಾಯಿತು. ಆದರೆ ಬೀಗರಿಗೆ ಅಂಥ ಕ್ರಮ ಯಾರೂ ಬರೆದಿಟ್ಟಿಲ್ಲ. ರೀಸ್ಟಾರ್ಟ್ ಮಾಡೋಣವೆಂದರೆ ವರಪೂಜೆಯಿಂದ ಶುರುಮಾಡಬೇಕು.

ಸಂಜೆ ಅಕ್ಕನ ಮನೆಗೆ ಹೋಗಿ ಹೇಳಿದೆ: "ತಪ್ಪು ನಂದೇ ಅಂತ ಒಪ್ಕೊಂಡ್ಬುಟ್ಟೆ ಕಣಕ್ಕ. ನನ್ನ ಗಂಟೇನೂ ಹೋಗ್ಲಿಲ್ಲ."

ಅವಳು ಎದ್ದುಹೋಗಿ ಲಕ್ಷ್ಮೀಪುರಂಗೆ ಫೋನ್ ಮಾಡಿದಳು. ಎಂಗೇಜು. ಮತ್ತೆ ಮಾಡಿದಳು, ಮತ್ತೆ ಎಂಗೇಜು. ಐದನೇ ಸಲಕ್ಕೆ, "ಬೇಕಂತ್ಲೇ ರಿಸೀವರ್ ಎತ್ತಿಟ್ಟವ್ರೆ" ಎಂದು ಕಣ್ಣಲ್ಲಿ ನೀರು ತಂದುಕೊಂಡಳು. ನನಗೆ ಥಟ್ಟನೆ ಹೊಳೆಯಿತು.

"ಐದು ನಿಮಿಷ ಫೋನ್ ಇಟ್ಟು ಸುಮ್ನೆ ಕೂತ್ಕೊ."

ಅವಳು ಕೈ ತೆಗೆಯುವಷ್ಟರಲ್ಲೇ ಫೋನು ಹೊಡೆದುಕೊಂಡಿತು. "ಆಗ್ಲಿಂದ ಮಾಡ್ತಾನೇ ಇದೀನಿ, ಯಾರ ಹತ್ರ ರೀ ಇಷ್ಟೊತ್ತು ಮಾತು?" ಬೀಗಿತ್ತಿಯ ದನಿ ನನಗೂ ಕೇಳಿಸಿತು.

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, "ನಿಮ್ಮ ಹತ್ರಾನೇ ಕಣ್ರೀ" ಎಂದಳು.