ನಂದೊಳ್ಳಿಯ ಚುಕ್ಕಿ

ಅವರ ಬಲಗೈ ಹೆಬ್ಬೆರಳಿನ ಉಗುರು ನಡುವೆ ಸೀಳಿತ್ತು. ಮೂವತ್ತು ವರ್ಷ ಅದೇ ಉಗುರಿನಿಂದ ಕಾಳುಮೆಣಸು ಒತ್ತಿ, ಮೂಸಿ, ಒಣಗಿದೆಯೋ ಇಲ್ಲವೋ ಹೇಳುತ್ತಿದ್ದರು. ಶಿರಸಿಯ ನಮ್ಮ ಮೆಣಸು ಖರೀದಿ ಸಂಘದಲ್ಲಿ ಅವರು ಫೀಲ್ಡ್‌ಮನ್. ನಾನು ದಾಸನಕೊಪ್ಪದಿಂದ ದಿನಾ ಬಸ್ಸಿನಲ್ಲಿ ಬಂದು ಕಂಪ್ಯೂಟರಿನಲ್ಲಿ ನಕ್ಷೆ ಮಾಡುವವಳು.

ಮೂರು ತಾಲೂಕಿನ ಪ್ರತಿ ಬೆಳೆಗಾರರ ಮನೆಯೂ ಆ ನಕ್ಷೆಯಲ್ಲಿ ಒಂದು ಚುಕ್ಕಿ. ಒತ್ತಿದರೆ ಮೆಣಸು ಒಣಗಿಸುವ ಅಂಗಳ, ಚೀಲ ಇಡುವ ಕೋಣೆ, ಲಾರಿ ಬರುವ ದಾರಿ ಎಲ್ಲ ತೆರೆದುಕೊಳ್ಳುತ್ತಿತ್ತು. ಬೂಷ್ಟು ಹಿಡಿಯುವ ಭಯವಿದ್ದ ಮನೆ ಕೆಂಪು, ಉಳಿದದ್ದು ಹಸಿರು. ಅವರು ಮನೆಮನೆಗೆ ಹೋಗಿ ನೋಡಿ ವಿವರ ತರುತ್ತಿದ್ದರು. ಕಟ್ಟಿಗೆ ಅಟ್ಟದ ಹಿಂದೆಯೂ ಕೈಹಾಕಿ ನೋಡುತ್ತಾರೆಂದು ಬೆಳೆಗಾರರು ಗೊಣಗುತ್ತಿದ್ದರು. ಇಷ್ಟೆಲ್ಲ ಯಾಕೆಂದು ಒಮ್ಮೆ ಕೇಳಿದೆ.

"ತಿಂಬವಂಗೆ ನಮ್ಮ ಮೋರೆ ಕಾಣ್ತಿಲ್ಲೆ, ತಂಗೀ. ನೋಡ ಕೆಲಸ ನಮ್ದೇ ಅಲ್ದಾ" ಎಂದರು.

ಒಂದು ಬೇಸಿಗೆಯಲ್ಲಿ ಹೊರದೇಶಕ್ಕೆ ಹೋಗಬೇಕಿದ್ದ ಮೆಣಸು ಪರೀಕ್ಷೆಯಲ್ಲಿ ಬಿದ್ದುಹೋಯಿತು. ಬೂಷ್ಟಿನ ವಿಷ. ಆ ಚೀಲಗಳ ನಂಬರು ಹಾಕಿ ನೋಡಿದೆ. ಯಲ್ಲಾಪುರದ ಕಡೆಯ ಐದು ಮನೆ ಬಂದವು. ಐದೂ ಹಸಿರು. ಹಾಗಾದರೆ ಗೋದಾಮಿನಲ್ಲೇ ಹಾಳಾಗಿರಬೇಕೆಂದು ಮ್ಯಾನೇಜರು ಅಲ್ಲಿನ ಹಮಾಲಿಯನ್ನು ಕೆಲಸದಿಂದ ಬಿಡಿಸಲು ಹೊರಟರು.

ಆಗ ಫೀಲ್ಡ್‌ಮನ್ ನನ್ನ ಕುರ್ಚಿಯ ಹಿಂದೆ ಬಂದು ನಿಂತು ಆ ಐದರಲ್ಲಿ ನಂದೊಳ್ಳಿಯ ಚುಕ್ಕಿ ತೋರಿಸಿದರು. ಅದು ಅವರ ಅಕ್ಕನ ಮನೆ.

"ಇದು ಸುಳ್ಳು."

"ನೀವ ನೋಡಿ ಬಂದೀರಲ್ರೀ, ಸರ?"

"ಆನು ಹೋಯ್ದ್ನಿಲ್ಲೆ. ಅಕ್ಕನ ಮನೆ, ಗೊತ್ತಿದ್ದು ಹೇಳಿ ಇಲ್ಲೇ ಕೂತು ತುಂಬಿದ್ದೆ."

ಮರುದಿನ ಬೆಳಿಗ್ಗೆ ನಂದೊಳ್ಳಿಯಿಂದ ಅವರ ಫೋನು ಬಂತು. ಮಾರದೆ ಉಳಿದ ಚೀಲಗಳು ಕೊಟ್ಟಿಗೆಯ ಮೂಲೆಯಲ್ಲಿ, ಬರಿ ನೆಲದ ಮೇಲೆ ಇದ್ದವಂತೆ. ತಳ ಕಪ್ಪಾಗಿತ್ತಂತೆ.

"ಕೆಂಪು ಮಾಡು."

"ಸರ, ಇನ್ನೊಮ್ಮೆ ವಿಚಾರ ಮಾಡ್ರಿ."

"ಮಾಡು, ತಂಗೀ. ಅಕ್ಕ ಇಲ್ಲೇ ನಿಂತ್ಕಂಡಿದ್ದು."

ಮಾಡಿದೆ. ಬೆರಳು ಒಮ್ಮೆ ಒತ್ತಿತು, ಅಷ್ಟೆ. ಏನೂ ಅನ್ನಿಸಲಿಲ್ಲ.

ಸಂಘ ಆ ವರ್ಷ ಅಕ್ಕನ ಮೆಣಸು ತೆಗೆದುಕೊಳ್ಳಲಿಲ್ಲ. ಅಕ್ಕ ಅವರ ಜೊತೆ ಮಾತು ಬಿಟ್ಟರು. ಹಮಾಲಿಯ ಕೆಲಸ ಉಳಿಯಿತು. ಇವರು ತಪ್ಪು ತಮ್ಮದೆಂದು ಬರೆದುಕೊಟ್ಟಿದ್ದರಿಂದ ಇವರನ್ನು ಫೀಲ್ಡಿನಿಂದ ತೆಗೆದು ಗೋದಾಮಿನ ತಕ್ಕಡಿಯ ಪಕ್ಕ ಕೂರಿಸಿದರು. ಮಧ್ಯಾಹ್ನ ಅಲ್ಲೇ ಒಬ್ಬರೇ ಡಬ್ಬಿ ಬಿಚ್ಚಿ ಉಣ್ಣುತ್ತಿದ್ದರು. ನಾನು ಹೋಗಿ ಜೊತೆಗೆ ಕೂರಬಹುದಿತ್ತು. ಕೂರಲಿಲ್ಲ.

ಆ ಮಳೆಗಾಲ ಮುಗಿಯುವ ಹೊತ್ತಿಗೆ ಅವರು ಹೃದಯಾಘಾತದಿಂದ ತೀರಿಕೊಂಡರು. ಸುದ್ದಿ ಬಂದಾಗ ಸಿದ್ದಾಪುರದ ಮನೆಗಳ ವಿವರ ತುಂಬುತ್ತಿದ್ದೆ. ಉಳಿದ ನಾಲ್ಕು ಮನೆ ತುಂಬಿ ಎದ್ದೆ. ಅಳು ಬರಲಿಲ್ಲ. ಈಗಲೂ ಬಂದಿಲ್ಲ.

ಮುಂದಿನ ಕೊಯ್ಲಿಗೆ ಮನೆ ನೋಡುವ ಕೆಲಸ ನನಗೇ ಬಂತು. ನಂದೊಳ್ಳಿಗೂ ಹೋದೆ.

"ನೀನೇ ಅಲ್ದಾ, ಕೆಂಪು ಮಾಡಿದ್ದು?" ಅಕ್ಕ ಕೇಳಿದರು.

"ಹೌದ್ರೀ."

ಅವರು ಒಳಗೆ ಕರೆದುಕೊಂಡು ಹೋದರು. ಕೊಟ್ಟಿಗೆಯಿಂದ ದೂರ, ಸುಣ್ಣ ಬಳಿದ ಸಣ್ಣ ಕೋಣೆ. ಹಲಗೆಯ ಮೇಲೆ ಚೀಲಗಳು. ನೆಲ ಒಣಗಿತ್ತು.

"ಯಾವಾಗ ಮಾಡ್ಸಿದ್ರಿ?"

"ಹೋದ ಮಳೆಗಾಲಕ್ಕೂ ಮೊದ್ಲೇ. ಅವ ಬಂದು ನೋಡ್ಲಿ ಹೇಳಿ ಕಾದೆ. ಅವ ಬಂದ್ನೇ ಇಲ್ಲೆ."

ತಮ್ಮನನ್ನು ಫೀಲ್ಡಿನಿಂದ ತೆಗೆದದ್ದು ಅವರಿಗೆ ಗೊತ್ತೇ ಇರಲಿಲ್ಲ. ಹೇಳಿದೆ. ಅವರು ಹಲಗೆಯ ಅಂಚಿಗೆ ಕೂತುಬಿಟ್ಟರು. ನಾನು ಒಂದೊಂದೇ ಚೀಲದ ತಳ ಮುಟ್ಟಿ ನೋಡಿ, ಮನೆಯನ್ನು ಹಸಿರು ಮಾಡಿ ಹೊರಬಂದೆ.

ಹೋಗಿ ನೋಡದ ಮನೆಗೆ ನಾನು ಇವತ್ತಿನವರೆಗೂ ಬಣ್ಣ ಹಾಕಿಲ್ಲ. ಅವರಿಂದ ಕಲಿತದ್ದು ಅದೊಂದೇ.