ಒಂದೇ ತಾಸಿನ ದಾರಿ

ನಮ್ಮ ಕಡೆ ಮದುವೆಯಾದ ಹೆಣ್ಣುಮಗಳು ತೀರಿಕೊಂಡರೆ ತವರಿನ ಸೀರೆ ಹೊದಿಸದೆ ಮಣ್ಣು ಮಾಡುವುದಿಲ್ಲ. ಹೊತ್ತು ಮುಳುಗಿದ ಮೇಲಂತೂ ಮಾಡುವುದೇ ಇಲ್ಲ. ಈ ಎರಡೂ ಎದುರುಬದುರು ನಿಂತದ್ದನ್ನು ನಾನು ನೋಡಿದ್ದು ಕೊಟ್ಟೂರಿನಲ್ಲಿ, ಚಿಕ್ಕಮ್ಮ ಹೋದ ದಿನ.

ನಸುಕಿನಲ್ಲಿ ಹೋದಳು. ತವರು ಅಂತ ಅವಳಿಗೆ ಉಳಿದಿದ್ದವನು ಒಬ್ಬ ತಮ್ಮ, ನನಗೆ ಮಾವ. ಅವನು ತಿರುಪತಿಗೆ ಹೋಗಿದ್ದ. ಫೋನಿನಲ್ಲಿ ಬರೀ ಅತ್ತ. ಕೊನೆಗೆ, "ಕಾರು ಮಾಡ್ಕೆಂಡು ಈಗ್ಲೇ ಹೊಂಡ್ತೀನಿ. ಅಕ್ಕಗ ಸೀರಿ ನಾನೇ ಹೊದಸ್ತೀನಿ, ಕಾಯ್ರಿ" ಅಂದ.

ದೊಡ್ಡಪ್ಪ ನನಗೆ ಮೊಬೈಲಿನಲ್ಲಿ ದಾರಿ ನೋಡು ಎಂದ. ತಿರುಪತಿಯಿಂದ ಕೊಟ್ಟೂರಿಗೆ ಕಾರಿನಲ್ಲಿ ಒಂಬತ್ತು ತಾಸು. ತಿರುಪತಿಯಿಂದ ಹುಬ್ಬಳ್ಳಿಗೆ ವಿಮಾನದಲ್ಲಿ ಒಂದು ತಾಸು. ಎರಡನ್ನೂ ಓದಿ ಹೇಳಿದೆ. ಅವನ ಕಿವಿಗೆ ಬಿದ್ದದ್ದು ಒಂದೇ.

"ಒಂದ್ ತಾಸು! ಮತ್ತ ಕಾರ್ ಯಾಕಲೇ? ಇಮಾನ ಹತ್ತು ಅನ್ನು ಅವನಿಗೆ."

"ಇಮಾನ ಮಧ್ಯಾಹ್ನಕ್ಕೈತಿ ದೊಡ್ಡಪ್ಪ. ಹುಬ್ಬಳ್ಳಿಯಿಂದ ಇಲ್ಲಿಗೆ ಮತ್ತ ಮೂರ್ ತಾಸು..."

"ಸುಮ್ಕಿರಲೇ, ಭಾಳ ಶಾಣ್ಯಾ ಆಗಬ್ಯಾಡ."

ಸಾವಿನ ಮನೆಯಲ್ಲಿ ಹಿರಿಯನಿಗೆ ಎದುರಾಡುವವರು ಯಾರು? ಹೊರಟಿದ್ದ ಮಾವನೂ ಅವನ ಮಾತು ಕೇಳಿ ಕಾರಿನ ದಾರಿ ಬಿಟ್ಟು ವಿಮಾನಕ್ಕೆ ಕಾದ.

ಚಿಕ್ಕಮ್ಮನಿಗೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಗೋಡೆಗೆ ಒರಗಿಸಿ ಕೂರಿಸಿದರು. ಮೈಮೇಲೆ ಮನೆಯಲ್ಲಿದ್ದ ಹಳೇ ಸೀರೆ. ಹಡಗಲಿಯಿಂದ ತರಿಸಿದ ಮಲ್ಲಿಗೆ ಮಾಲೆ ಸೆಖೆಗೆ ಕಂದತೊಡಗಿತು. ಮಧ್ಯಾಹ್ನ ಮಾವನ ಫೋನು ಬಂತು. ಹುಬ್ಬಳ್ಳಿಯಲ್ಲಿ ಮೋಡ ಕವಿದಿದೆ, ವಿಮಾನ ಇನ್ನೂ ಬಿಟ್ಟಿಲ್ಲ. ಕಾರಿನಲ್ಲಿ ಹೊರಟಿದ್ದರೆ ಆ ಹೊತ್ತಿಗೆ ಬಳ್ಳಾರಿ ದಾಟಿರುತ್ತಿದ್ದ. ನಾನು ದೊಡ್ಡಪ್ಪನ ಮುಖ ನೋಡಿದೆ. ಅವನು ಎದ್ದು ಹಿತ್ತಲಿಗೆ ಹೋದ.

ಆಮೇಲೆ ನಮ್ಮಲ್ಲೂ ಪಡುವಣದ ಕಡೆ ಕಪ್ಪಾಯಿತು. ಗಾಳಿ ಬೀಸಿ ತಲೆಯ ಹತ್ತಿರದ ದೀಪ ಮತ್ತೆ ಮತ್ತೆ ಆರುತ್ತಿತ್ತು; ಹೆಂಗಸರು ಪ್ರತಿ ಸಲವೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಹಚ್ಚುತ್ತಿದ್ದರು. ಹೊಲದಲ್ಲಿ ಹೂಳಲು ಕುಣಿ ತೋಡಿದವರು ಬಂದು, "ಮಳಿ ಬಂದ್ರ ಕುಣಿ ಕುಸೀತೈತ್ರಿ, ಲಗೂ ಎಬ್ಬಸ್ರಿ" ಅಂದರು.

ಕೊನೆಗೂ ವಿಮಾನ ಇಳಿದು, ಮಾವ ದಾರಿಯುದ್ದಕ್ಕೂ ಫೋನು ಮಾಡುತ್ತ ಮುಂಡರಗಿ ದಾಟಿದ. ಹೊಳೆ ದಾಟಿದ. ಹಡಗಲಿಗೆ ಬಂದ. ಇತ್ತ ಮೋಡದ ಸಂದಿಯಿಂದ ಬಿದ್ದ ಬಿಸಿಲು ಗೋಡೆಯ ತುದಿಗೆ ಏರಿತ್ತು. ದೊಡ್ಡಪ್ಪ ಬಜಾರಿನಿಂದ ಒಂದು ಸೀರೆ ತರಿಸಿ, ಇದೇ ತವರಿಂದು ಅನ್ಕೊಳ್ರಿ ಎಂದ. ಚಿಕ್ಕಮ್ಮನ ಮಗಳು ಅದನ್ನು ಕಿತ್ತುಕೊಂಡು ಒಗೆದಳು. "ಅಂಗಡಿ ಸೀರಿ ತವರಾಕ್ಕೈತೇನು? ನಮ್ಮವ್ವ ಪರದೇಶಿ ಏನು?" ಎಂದು ಕಿರುಚಿದಳು. ನಾಲ್ಕು ಜನ ಅವಳನ್ನು ಹಿಡಿದುಕೊಂಡರು. ಸೀರೆ ಹೊದಿಸಿ ಎತ್ತಿಬಿಟ್ಟರು.

ಮಾವ ನೇರ ಹೊಲಕ್ಕೇ ಬಂದ. ಬೆಳಕು ಇನ್ನೇನು ಹೋಗುವುದರಲ್ಲಿತ್ತು. ಮಣ್ಣು ಮುಚ್ಚಿ ಆಗಿತ್ತು, ಸಲಿಕೆಯಿಂದ ತಟ್ಟಿ ಸಮ ಮಾಡುತ್ತಿದ್ದರು. ಅವನು ಯಾರನ್ನೂ ಬೈಯಲಿಲ್ಲ. ಚೀಲದಿಂದ ಹಸಿರು ಸೀರೆ ತೆಗೆದು ಗುಡ್ಡೆಯ ಮೇಲೆ ಹಾಸಿದ. ಗಾಳಿಗೆ ಏಳುತ್ತಿತ್ತು, ಮೂಲೆಗಳಿಗೆ ಕಲ್ಲು ಹೇರಿದ. ಆಮೇಲೆ ನನ್ನ ಕಡೆ ತಿರುಗಿದ.

"ಇಮಾನದಾಗ ಒಂದ ತಾಸು, ಖರೇನ. ಮೋಡದ ಮ್ಯಾಲೆ ಬಿಸ್ಲು ಚೊಲೋ ಇತ್ತಪ. ಇನ್ನಾ ಭಾಳ ಹೊತ್ತೈತಿ, ಅಕ್ಕನ್ನ ಮುಟ್ತೀನಿ ಅನ್ಕಂಡೆ."